ಕಡಲು ಕೆರಳಿದಾಗ ಹಡಗಿನೊಳಗೆ ಒಂದು ದಿನ



ಜೂನ್ ತಿಂಗಳು ಬಂತೆಂದರೆ ಸಾಕು, ನಾವೆಲ್ಲ ಒಂದೇ ಸುದ್ದಿಗೆ ಕಿವಿಗೊಟ್ಟು ಕೂರುತ್ತೇವೆ. ಮುಂಬೈಯವರಿಗೆ ನಾಳೆ ಲೋಕಲ್ ರೈಲು ಓಡುತ್ತದೋ ಇಲ್ಲವೋ ಎಂಬ ಚಿಂತೆ. ಪುಣೆಯವರಿಗೆ ಅಣೆಕಟ್ಟು ತುಂಬಿತೇ ಎಂಬ ಲೆಕ್ಕ. ಹೈದರಾಬಾದ್, ಚೆನ್ನೈಯವರಿಗೆ ಸೆಖೆ ಒಂದಿಷ್ಟು ಇಳಿದರೆ ಸಾಕು. ದೆಹಲಿಯವರಿಗೆ ಧೂಳು ಅಡಗಿದರೆ ಅದೇ ಹಬ್ಬ. ಇನ್ನು ಎಲ್ಲಿದ್ದರೂ ಊರಿಗೆ ಫೋನ್ ಮಾಡಿದಾಗ ನಾವು ಕೇಳುವ ಮೊದಲ ಮಾತು ಒಂದೇ: "ಅಲ್ಲಿ ಮಳೆ ಹೇಗಿದೆ?"

ಮಳೆಯ ಸುದ್ದಿ ನಮಗೆ ರೇಡಿಯೋದಲ್ಲಿ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಆದರೆ ಆ ಅರ್ಧ ನಿಮಿಷದ ಹಿಂದೆ ಎಷ್ಟು ಜನರ ಎಷ್ಟು ವರ್ಷಗಳ ದುಡಿಮೆ ಇದೆ ಎಂದು ಯೋಚಿಸಿದ್ದೀರಾ? ಅವರಲ್ಲಿ ಕೆಲವರು ಹವಾಮಾನ ಕಚೇರಿಯಲ್ಲಿ ಕೂತವರಲ್ಲ. ಮಳೆಗಾಲದ ನಟ್ಟನಡುವೆ, ಮೀನುಗಾರರೇ ದೋಣಿಗಳನ್ನು ದಡಕ್ಕೆ ಎಳೆದಿಟ್ಟ ದಿನಗಳಲ್ಲಿ, ಬೇಕೆಂದೇ ಕಡಲಿಗೆ ಹೊರಟವರು! ಸಂಶೋಧನಾ ಹಡಗಿನಲ್ಲಿ ಅವರ ದಿನ ಹೇಗೆ ಕಳೆಯುತ್ತದೆ? ಉಣ್ಣುವುದು, ಮಲಗುವುದು, ಕೆಲಸ ಮಾಡುವುದು ಹೇಗೆ? ಬನ್ನಿ, ಈ ಬಾರಿ ಆ ಹಡಗನ್ನೇ ಹತ್ತಿ ನೋಡೋಣ.

ಮಳೆಗಾಲದಲ್ಲೇ ಏಕೆ ಹೋಗಬೇಕು?

ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಕಡಲು ಅಪಾಯಕಾರಿ ಎಂಬುದು ಇನ್ನೊಂದು. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಆಗ ದೋಣಿಗಳು ಸಾಲಾಗಿ ನಿಂತಿರುತ್ತವೆ.

ಆದರೆ ಮುಂಗಾರನ್ನು ಅರಿಯಬೇಕೆನ್ನುವವರಿಗೆ ಬೇರೆ ದಾರಿಯಿಲ್ಲ. ನಮ್ಮ ಮಳೆ ಹುಟ್ಟುವುದು, ಬೆಳೆಯುವುದು ಕಡಲಿನ ಮೇಲೆ. ಬಿಸಿಯಾದ ನೀರು ಗಾಳಿಗೆ ಶಾಖವನ್ನೂ ತೇವವನ್ನೂ ಕೊಡುತ್ತದೆ. ಗಾಳಿ ಬಲವಾಗಿ ಬೀಸಿದಷ್ಟೂ ಈ ಕೊಡುಕೊಳ್ಳುವಿಕೆ ಹೆಚ್ಚು. ಅಂದರೆ ಅಳೆಯಬೇಕಾದ ಸಂಗತಿ ಹೆಚ್ಚಾಗಿ ನಡೆಯುವುದು ಅಳೆಯಲು ಕಷ್ಟವಾಗುವ ದಿನಗಳಲ್ಲೇ. ತಿಳಿಗಡಲಿನ ದಿನ ಹೋಗಿ ಬಂದರೆ ತಿಳಿಗಡಲಿನ ಲೆಕ್ಕ ಮಾತ್ರ ಸಿಗುತ್ತದೆ!

"ಉಪಗ್ರಹಗಳಿವೆಯಲ್ಲ?" ಎಂದು ನೀವು ಕೇಳಬಹುದು. ಇವೆ. ಆದರೆ ಉಪಗ್ರಹದ ಕಣ್ಣಿಗೆ ಬೀಳುವುದು ಕಡಲಿನ ಮೇಲ್ಮೈ ಮಾತ್ರ. ಅದರ ಕೆಳಗೆ ಹತ್ತು ಮೀಟರಿನಲ್ಲಿ, ನೂರು ಮೀಟರಿನಲ್ಲಿ ನೀರು ಎಷ್ಟು ಬಿಸಿ, ಎಷ್ಟು ಉಪ್ಪು ಎಂಬುದು ಅದಕ್ಕೆ ಕಾಣದು. ಲಂಗರು ಹಾಕಿದ ತೇಲುಬುರುಡೆಗಳಿವೆ. 2,000 ಮೀಟರ್ ಆಳಕ್ಕಿಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಪಗ್ರಹಕ್ಕೆ ವರದಿ ಒಪ್ಪಿಸುವ ಆರ್ಗೋ ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ಇವೆ. ಆದರೂ ಒಂದೇ ಜಾಗದಲ್ಲಿ ನಿಂತು, ನೀರನ್ನೂ ಅದರ ಮೇಲಿನ ಗಾಳಿಯನ್ನೂ ಒಟ್ಟಿಗೆ ಹಗಲೂ ರಾತ್ರಿ ಅಳೆಯಲು, ನೀರಿನ ಮಾದರಿಯನ್ನು ಕೈಗೆ ತೆಗೆದುಕೊಂಡು ಪರೀಕ್ಷಿಸಲು ಹಡಗೇ ಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಹೊಸದೇನಲ್ಲ. 1979ರಲ್ಲಿ ಅನೇಕ ದೇಶಗಳು ಸೇರಿ ಮುಂಗಾರಿನ ದೊಡ್ಡ ಅಧ್ಯಯನ ನಡೆಸಿದವು. 1999ರ ಜುಲೈ-ಆಗಸ್ಟ್‌ನಲ್ಲಿ 'ಬಾಬ್‌ಮೆಕ್ಸ್' ಎಂಬ ಹೆಸರಿನ ಪ್ರಯೋಗಕ್ಕಾಗಿ 'ಸಾಗರ ಕನ್ಯಾ' ಮತ್ತು ನೌಕಾಪಡೆಯ 'ಸಾಗರಧ್ವನಿ' ಹಡಗುಗಳು ಬಂಗಾಳ ಕೊಲ್ಲಿಯಲ್ಲಿ ನಿಂತು ಅಳತೆ ಮಾಡಿದವು. 2016ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ 'ಸಿಂಧು ಸಾಧನಾ' ಹಡಗು ಜೂನ್ ಕೊನೆಯ ವಾರ ಚೆನ್ನೈಯಿಂದ ಹೊರಟು ಸುಮಾರು ಒಂದು ತಿಂಗಳು ಕೊಲ್ಲಿಯ ದಕ್ಷಿಣ ಭಾಗದಲ್ಲಿ ಸುತ್ತಾಡಿತು. ಈ ಪ್ರಯೋಗದ ಹೆಸರು 'ಬಾಬಲ್'. ಇದರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ.ಎನ್. ವಿನಯಚಂದ್ರನ್ ಅವರದು ಮುಂದಾಳುತನ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರೂ ಕೈಜೋಡಿಸಿದ್ದರು. ಬಾಬ್‌ಮೆಕ್ಸ್‌ನಲ್ಲೂ ಅದೇ ಸಂಸ್ಥೆಯ ಪ್ರೊ. ಜಿ.ಎಸ್. ಭಟ್ ಮೊದಲಾದವರ ಪಾತ್ರ ದೊಡ್ಡದು. ಕಡಲಿಲ್ಲದ ಬೆಂಗಳೂರಿನಿಂದ ಕಡಲಿಗೆ ಇಷ್ಟು ಹತ್ತಿರದ ನಂಟು!

ಕೆರಳಿದ ಕಡಲು ಎಂದರೆ ಎಷ್ಟು?

ಕಡಲು ಕೆರಳಿತು ಎಂದು ನಾವು ಸುಮ್ಮನೆ ಹೇಳಿಬಿಡುತ್ತೇವೆ. ಹಡಗಿನವರಿಗೆ ಅದಕ್ಕೊಂದು ಅಳತೆ ಬೇಕು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಮಾಪಕ ಇಂದಿಗೂ ಬಳಕೆಯಲ್ಲಿದೆ. ಸೊನ್ನೆ ಎಂದರೆ ಕನ್ನಡಿಯಂಥ ಕಡಲು, ಹನ್ನೆರಡು ಎಂದರೆ ಚಂಡಮಾರುತ. ಏಳು ಎಂದರೆ ಗಂಟೆಗೆ 50ರಿಂದ 61 ಕಿಲೋಮೀಟರ್ ವೇಗದ ಗಾಳಿ. ತೆರೆದ ಕಡಲಿನಲ್ಲಿ ಅಲೆಗಳು ಸುಮಾರು 4 ಮೀಟರ್ ಏಳುತ್ತವೆ. ಎಂಟಕ್ಕೆ ಬಂದರೆ ಐದೂವರೆ ಮೀಟರ್. ಅಂದರೆ ಒಂದೂವರೆ ಅಂತಸ್ತಿನ ಮನೆಯಷ್ಟು ಎತ್ತರದ ನೀರು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. "ಅಲೆಯ ಎತ್ತರ 4 ಮೀಟರ್" ಎಂದು ಮುನ್ಸೂಚನೆ ಹೇಳಿದರೆ ಪ್ರತಿ ಅಲೆಯೂ ಅಷ್ಟೇ ಇರುತ್ತದೆ ಎಂದಲ್ಲ. ಬರುವ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗವನ್ನು ಆರಿಸಿ, ಅವುಗಳ ಸರಾಸರಿ ತೆಗೆದ ಲೆಕ್ಕ ಅದು. ನಡುವೆ ಯಾವಾಗಲೋ ಒಂದು ಅಲೆ ಅದರ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರಕ್ಕೂ ಏಳಬಹುದು. ಹಳೆಯ ನಾವಿಕರು ಕಡಲಿಗೆ ಎಂದೂ ಬೆನ್ನು ಹಾಕದಿರುವುದು ಇದಕ್ಕೇ.

ಹಡಗು ಅಲ್ಲಾಡುವುದರಲ್ಲೂ ಆರು ಬಗೆಯಿದೆ. ಎಡಕ್ಕೂ ಬಲಕ್ಕೂ ವಾಲುವುದು ಒಂದು. ಮೂತಿ ಎದ್ದು ಬಾಲ ಇಳಿಯುವುದು, ಬಾಲ ಎದ್ದು ಮೂತಿ ಇಳಿಯುವುದು ಎರಡನೆಯದು. ಮೂತಿ ಅತ್ತಿತ್ತ ತಿರುಗುವುದು ಮೂರನೆಯದು. ಇಡೀ ಹಡಗೇ ಲಿಫ್ಟಿನಂತೆ ಮೇಲೆ ಕೆಳಗೆ ಹೋಗುವುದು, ಮುಂದೆ ಹಿಂದೆ ನೂಕಾಡುವುದು, ಪಕ್ಕಕ್ಕೆ ಸರಿಯುವುದು ಉಳಿದ ಮೂರು. ಕೆರಳಿದ ಕಡಲಿನಲ್ಲಿ ಈ ಆರೂ ಒಟ್ಟಿಗೆ ನಡೆಯುತ್ತವೆ. ಹತ್ತು ಸೆಕೆಂಡಿಗೊಮ್ಮೆ ಹಡಗು ಒಂದು ಸಲ ವಾಲಿ ಎದ್ದಿತು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಒಂದು ದಿನಕ್ಕೆ 8,640 ಸಲ! ಸುಮಾರು 80 ಮೀಟರ್ ಉದ್ದದ ಸಿಂಧು ಸಾಧನಾ ಇರಲಿ, 100 ಮೀಟರಿನ ಸಾಗರ ಕನ್ಯಾ ಇರಲಿ, ಇದರಿಂದ ಯಾವುದಕ್ಕೂ ವಿನಾಯಿತಿ ಇಲ್ಲ.

ಮೊದಲ ಮೂರು ದಿನ

ಹೊಸಬರಿಗೆ ಮೊದಲು ಎದುರಾಗುವುದು ವಿಜ್ಞಾನವಲ್ಲ, ವಾಕರಿಕೆ. ನಮ್ಮ ಒಳಗಿವಿಯಲ್ಲಿ ದೇಹದ ಸಮತೋಲ ಹೇಳುವ ಅಂಗವಿದೆ. ಹಡಗಿನ ಕೋಣೆಯಲ್ಲಿ ಕೂತಾಗ ಅದು "ಅಲ್ಲಾಡುತ್ತಿದ್ದೇವೆ" ಎನ್ನುತ್ತದೆ. ಗೋಡೆ, ಮೇಜು, ಕುರ್ಚಿ ಎಲ್ಲವೂ ನಮ್ಮ ಜತೆಗೇ ಅಲ್ಲಾಡುವುದರಿಂದ ಕಣ್ಣು "ಇಲ್ಲ, ಎಲ್ಲ ಸ್ಥಿರವಾಗಿದೆ" ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಮಿದುಳು ಗೊಂದಲಕ್ಕೆ ಬೀಳುತ್ತದೆ. ತಣ್ಣನೆಯ ಬೆವರು, ಆಕಳಿಕೆ, ಬಾಯಲ್ಲಿ ನೀರು, ಆಮೇಲೆ ವಾಂತಿ. ಘಟ್ಟದ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ. ಆದರೆ ಬಸ್ಸು ಎರಡು ಗಂಟೆಯಲ್ಲಿ ಘಟ್ಟ ಇಳಿಯುತ್ತದೆ, ಹಡಗು ಇಳಿಯುವುದಿಲ್ಲ!

ಇದಕ್ಕೆ ನಾಚಬೇಕಾದ್ದಿಲ್ಲ. 1831ರಿಂದ 1836ರವರೆಗೆ 'ಬೀಗಲ್' ಹಡಗಿನಲ್ಲಿ ಜಗತ್ತು ಸುತ್ತಿದ ಚಾರ್ಲ್ಸ್ ಡಾರ್ವಿನ್ ಯಾನದುದ್ದಕ್ಕೂ ಈ ಬಾಧೆ ಪಟ್ಟವರು. ಬ್ರಿಟನ್ನಿನ ಹೆಸರಾಂತ ನೌಕಾಧಿಪತಿ ನೆಲ್ಸನ್‌ಗೂ ಇದು ತಪ್ಪಿರಲಿಲ್ಲ.

ಹಡಗಿನವರು ಹೇಳುವ ಉಪಾಯಗಳು ಸರಳ. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ಹೊಟ್ಟೆ ತೊಳಸುವ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ಖಾಲಿ ಬಿಡಬಾರದು. ಒಣ ಬಿಸ್ಕತ್ತು, ಬ್ರೆಡ್ಡು, ಮೊಸರನ್ನ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಕೆಲವರಿಗೆ ಶುಂಠಿ ಹಿಡಿಸುತ್ತದೆ. ನೀರು ಕುಡಿಯುವುದನ್ನು ಮಾತ್ರ ಬಿಡಲೇಬಾರದು. ಕಂಪ್ಯೂಟರ್ ಪರದೆ ಬಿಟ್ಟು ದಿಗಂತ ನೋಡಬೇಕು. ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಹಡಗಿನ ತುದಿಗಳಿಗಿಂತ ನಡುಭಾಗದಲ್ಲಿ, ಮೇಲಿಗಿಂತ ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಹೆಚ್ಚಿನವರಿಗೆ ಎರಡು-ಮೂರು ದಿನದಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಕೆಲವರಿಗೆ ಕೊನೆಯವರೆಗೂ ಒಗ್ಗುವುದಿಲ್ಲ. ಅವರು ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡೇ ಪಾಳಿ ಮುಗಿಸುತ್ತಾರೆ.

ತಮಾಷೆ ಎಂದರೆ, ತಿಂಗಳ ಬಳಿಕ ದಡಕ್ಕಿಳಿದಾಗ ನೆಲವೇ ತೂಗಾಡುತ್ತದೆ! ಒಗ್ಗಿದ ಮಿದುಳು ಒಂದೆರಡು ದಿನ ಅಲೆಯ ತಾಳವನ್ನು ಬಿಡುವುದಿಲ್ಲ.

ಊಟ, ನಿದ್ದೆ, ಸ್ನಾನ

ಅಡುಗೆಮನೆಯಲ್ಲಿ ಒಲೆಯ ಸುತ್ತ ಕಂಬಿ ಕಟ್ಟಿರುತ್ತದೆ. ಪಾತ್ರೆ ಜಾರದಂತೆ ಅದು ತಡೆಯುತ್ತದೆ. ಕಡಲು ಕೆರಳಿದ ದಿನ ಪಾತ್ರೆಗೆ ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ. ಕಾದ ಎಣ್ಣೆಯ ಬಾಣಲೆ ಇಡುವುದು ಅಪಾಯ; ಹಾಗಾಗಿ ಅಂದು ಪೂರಿಯೂ ಇಲ್ಲ, ಬಜ್ಜಿಯೂ ಇಲ್ಲ. ಮಳೆ ಸುರಿಯುವಾಗಲೇ ಬಜ್ಜಿ ಇಲ್ಲದಿರುವುದು ಎಂಥ ಶಿಕ್ಷೆ ಎಂದು ನಮ್ಮವರಿಗೆ ಬೇರೆ ಹೇಳಬೇಕಿಲ್ಲ! ಅನ್ನ, ಬೇಳೆ, ಖಿಚಡಿ, ಬೇಯಿಸಿದ ಮೊಟ್ಟೆ, ಇಂಥ ಸರಳ ಊಟವೇ ಗತಿ. ಯಾನದ ಮೊದಲ ವಾರಗಳಲ್ಲಿ ಸೊಪ್ಪು, ಹಣ್ಣು ಇರುತ್ತದೆ. ಬರಬರುತ್ತಾ ಆಲೂಗಡ್ಡೆ, ಈರುಳ್ಳಿ, ಎಲೆಕೋಸು ಉಳಿಯುತ್ತವೆ. ಹಾಗೆಂದು ಅಡುಗೆಯವರನ್ನು ಹಗುರವಾಗಿ ಕಾಣುವವರು ಹಡಗಿನಲ್ಲಿ ಯಾರೂ ಇಲ್ಲ. ನೆಲ ನಿಲ್ಲದ ಕಡೆ ನಿಂತು ಐವತ್ತು-ಅರವತ್ತು ಜನರಿಗೆ ಮೂರು ಹೊತ್ತು ಬಿಸಿ ಊಟ ಹಾಕುವುದು ಸಾಮಾನ್ಯದ ಮಾತಲ್ಲ.

ಊಟದ ಮೇಜಿಗೆ ಅಂಚುಪಟ್ಟಿ ಇರುತ್ತದೆ, ತಟ್ಟೆ ಬೀಳದಿರಲೆಂದು. ಕೆಳಗೆ ಒದ್ದೆ ಬಟ್ಟೆಯನ್ನೋ ಜಾರದ ರಬ್ಬರ್ ಹಾಸನ್ನೋ ಹಾಸುತ್ತಾರೆ. ಕುರ್ಚಿಗಳನ್ನು ನೆಲಕ್ಕೆ ಬಿಗಿದಿರುತ್ತಾರೆ. ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಉಣ್ಣುವುದು ಬೇಗ ಅಭ್ಯಾಸವಾಗುತ್ತದೆ. ಸಾರು ಕುಡಿಯುವುದಕ್ಕೆ ಮಾತ್ರ ಒಳ್ಳೆಯ ತಾಲೀಮು ಬೇಕು.

ನಿದ್ದೆಯ ಕಥೆ ಇನ್ನೊಂದು. ಮಂಚಕ್ಕೆ ಅಂಚಿನ ಹಲಗೆ ಇದ್ದರೂ ಹಡಗು ವಾಲಿದಾಗ ಮೈ ಉರುಳುತ್ತದೆ. ಅದಕ್ಕೆ ಅನುಭವಿಗಳು ಲೈಫ್ ಜಾಕೆಟ್ಟನ್ನು ಹಾಸಿಗೆಯ ಹೊರ ಅಂಚಿನಡಿ ತುರುಕುತ್ತಾರೆ. ಹಾಸಿಗೆ ಗೋಡೆಯ ಕಡೆ ಓರೆಯಾಗಿ ತೊಟ್ಟಿಲಿನಂತಾಗುತ್ತದೆ, ಮಲಗಿದವರು ಅದರೊಳಗೆ ಸಿಕ್ಕಿಕೊಂಡು ನಿದ್ದೆ ಮಾಡುತ್ತಾರೆ. ಮಲಗುವ ಮುನ್ನ ಕೋಣೆಯಲ್ಲಿ ಸಡಿಲ ವಸ್ತು ಒಂದೂ ಇರಬಾರದು. ಸರಿಯಾಗಿ ಮುಚ್ಚದ ಒಂದೇ ಒಂದು ಡ್ರಾಯರ್ ರಾತ್ರಿಯಿಡೀ ಟಪ್, ಟಪ್ ಎಂದು ಬಡಿಯುತ್ತಿದ್ದರೆ ಇಡೀ ಓಣಿಗೇ ನಿದ್ದೆಯಿಲ್ಲ.

ಸಿಹಿನೀರನ್ನು ಕಡಲ ನೀರಿನಿಂದಲೇ ಉಪ್ಪು ತೆಗೆದು ತಯಾರಿಸಿಕೊಳ್ಳುತ್ತಾರೆ. ಸುತ್ತಲೂ ನೀರಿದ್ದರೂ ಬಕೆಟ್ಟು ಲೆಕ್ಕದ ಬದುಕು. ಸ್ನಾನ ಮಾಡುವಾಗ ಒಂದು ಕೈ ಗೋಡೆಯ ಹಿಡಿಕೆಯ ಮೇಲೇ ಇರಬೇಕು. ಸೋಪಿನ ನೆಲ ವಾಲಿದರೆ ಕೈಕಾಲು ಮುರಿಯಲು ಬೇರೆ ಕಾರಣ ಬೇಡ.

ಗಡಿಯಾರಕ್ಕೆ ರಜೆಯಿಲ್ಲ

ಹಡಗಿನಲ್ಲಿ ಭಾನುವಾರವಿಲ್ಲ. ಹಡಗು ನಡೆಸುವವರು ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ವಿರಾಮದ ಪಾಳಿಯಲ್ಲಿ ದುಡಿಯುವುದು ವಾಡಿಕೆ. ಹನ್ನೆರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹನ್ನೆರಡು, ಹೀಗೆ ಹಗಲೂ ರಾತ್ರಿಯೂ. ವಿಜ್ಞಾನಿಗಳು, ಸಂಶೋಧನಾ ವಿದ್ಯಾರ್ಥಿಗಳು ಕೂಡ ಪಾಳಿ ಹಂಚಿಕೊಳ್ಳುತ್ತಾರೆ. ಮಧ್ಯರಾತ್ರಿ ಹನ್ನೆರಡಕ್ಕೆ ಚಹಾ ಲೋಟ ಹಿಡಿದು ಕೆಲಸಕ್ಕೆ ಬರುವವರ ಕಣ್ಣಿಗೆ ಹಗಲು ಯಾವುದು ರಾತ್ರಿ ಯಾವುದು ತಿಳಿಯದು.

ಅವರ ಮುಖ್ಯ ಉಪಕರಣಕ್ಕೆ 'ಸಿಟಿಡಿ' ಎಂದು ಹೆಸರು. ನೀರಿನ ವಿದ್ಯುತ್ ವಾಹಕತೆ, ತಾಪಮಾನ, ಆಳ, ಈ ಮೂರನ್ನು ಅದು ಅಳೆಯುತ್ತದೆ. ವಾಹಕತೆಯಿಂದ ಉಪ್ಪಿನ ಅಂಶ ತಿಳಿಯುತ್ತದೆ. ಒಂದು ದುಂಡನೆಯ ಕಬ್ಬಿಣದ ಚೌಕಟ್ಟು, ಅದರ ಸುತ್ತ ಹನ್ನೆರಡೋ ಇಪ್ಪತ್ತನಾಲ್ಕೋ ಉದ್ದನೆಯ ಬಾಟಲಿಗಳು, ನಡುವೆ ಸಂವೇದಕಗಳು. ಇದನ್ನು ಉಕ್ಕಿನ ಕೇಬಲ್ಲಿಗೆ ಕಟ್ಟಿ, ರಾಟೆಯಂತ್ರದಿಂದ ಹಡಗಿನ ಪಕ್ಕದಲ್ಲಿ ನೀರಿಗಿಳಿಸುತ್ತಾರೆ. ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ. 1,000 ಮೀಟರ್ ಇಳಿಯಲು ಹದಿನೇಳು ನಿಮಿಷ. 4,000 ಮೀಟರ್ ಇಳಿದು, ಬರುವಾಗ ಅಲ್ಲಲ್ಲಿ ನಿಂತು ಬಾಟಲಿ ಮುಚ್ಚಿ ನೀರು ಹಿಡಿದು ಮೇಲೆ ಬರಲು ಎರಡೂವರೆಯಿಂದ ಮೂರು ಗಂಟೆ. ಆ ಆಳದಲ್ಲಿ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ 400 ಪಟ್ಟು! ಥರ್ಮೋಕೋಲ್ ಲೋಟಗಳ ಮೇಲೆ ಹೆಸರು ಬರೆದು, ಚೀಲದಲ್ಲಿ ಕಟ್ಟಿ ಉಪಕರಣದ ಜತೆ ಕಳಿಸುವುದು ಜಗತ್ತಿನ ಅನೇಕ ಹಡಗುಗಳಲ್ಲಿ ಇರುವ ಆಟ. ಮೇಲೆ ಬರುವಾಗ ಲೋಟ ಹೆಬ್ಬೆರಳಿನಷ್ಟು ಕುಗ್ಗಿರುತ್ತದೆ. ಮನೆಯ ಮಕ್ಕಳಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ?

ನೀರು ಮೇಲೆ ಬಂದೊಡನೆ ಆಮ್ಲಜನಕದ ಮಾದರಿಯನ್ನು ಮೊದಲು ತೆಗೆಯಬೇಕು. ತಡ ಮಾಡಿದರೆ ಹೊರಗಿನ ಗಾಳಿ ತಾಗಿ ಲೆಕ್ಕ ಕೆಡುತ್ತದೆ. ಪ್ರಯೋಗಾಲಯದಲ್ಲಿ ಪ್ರತಿ ಉಪಕರಣಕ್ಕೂ ಹಗ್ಗ, ಬೆಲ್ಟು. ಇನ್ನೊಂದು ವಿಷಯ ಗೊತ್ತೇ? ಅಲ್ಲಾಡುವ ಹಡಗಿನಲ್ಲಿ ಸೂಕ್ಷ್ಮ ತಕ್ಕಡಿ ಕೆಲಸಕ್ಕೆ ಬಾರದು. ಹಾಗಾಗಿ ಬೇಕಾದ ರಾಸಾಯನಿಕಗಳನ್ನು ದಡದಲ್ಲೇ ತೂಗಿ, ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ತಂದಿರಬೇಕು. ಒಂದು ಮರೆತರೆ ತಿಂಗಳಿಡೀ ಅದಿಲ್ಲ. ಪಕ್ಕದ ಅಂಗಡಿ ಎಲ್ಲಿಂದ ಬರಬೇಕು?

ಗಾಳಿಯ ಲೆಕ್ಕಕ್ಕೆ ಹೀಲಿಯಂ ತುಂಬಿದ ಬಲೂನು. ಅದರ ಬಾಲಕ್ಕೆ ರೇಡಿಯೋಸಾಂಡ್ ಎಂಬ ಅಂಗೈಯಗಲದ ಪೆಟ್ಟಿಗೆ. 20 ಕಿಲೋಮೀಟರಿಗೂ ಮೇಲೇರುತ್ತಾ ತಾಪಮಾನ, ತೇವಾಂಶ, ಒತ್ತಡಗಳನ್ನು ರೇಡಿಯೋ ಅಲೆಗಳಲ್ಲಿ ಕೆಳಗೆ ಕಳಿಸುತ್ತದೆ. ನಮ್ಮ ಕೇಳುಗರು ಗಮನಿಸಬೇಕು, ಅದೂ ಒಂದು ಪುಟ್ಟ ರೇಡಿಯೋ ಕೇಂದ್ರವೇ! ಬಿರುಗಾಳಿಯಲ್ಲಿ ಬಲೂನು ಹಾರಿಸುವುದೇ ಒಂದು ಸಾಹಸ. ಕೈಬಿಟ್ಟ ಕ್ಷಣದಲ್ಲಿ ಗಾಳಿ ಅದನ್ನು ಹಡಗಿನ ಕಂಬಕ್ಕೋ ಆಂಟೆನಾಕ್ಕೋ ಬಡಿದರೆ ಎಲ್ಲ ಮುಗಿಯಿತು, ಮತ್ತೊಂದನ್ನು ತುಂಬಬೇಕು.

ಇಳಿಸುವುದೋ, ಬೇಡವೋ?

ಕಡಲು ಕೆರಳಿದ ದಿನ ಹಡಗಿನ ಮೇಲೆ ಏಳುವ ದೊಡ್ಡ ಪ್ರಶ್ನೆ ಇದು. ಉಪಕರಣ ಇಳಿಸಬೇಕಾದ ಸಮಯ ಬಂದಿದೆ. ಗಾಳಿ ಏರುತ್ತಿದೆ. ಮುಖ್ಯ ವಿಜ್ಞಾನಿಗೆ ಈ ಅಳತೆ ಬೇಕೇ ಬೇಕು. ಪ್ರತಿದಿನ ಅದೇ ಹೊತ್ತಿಗೆ ಮಾಡಿದ ಅಳತೆಗಳ ಸಾಲಿನಲ್ಲಿ ಇಂದಿನದು ತಪ್ಪಿದರೆ, ಬಿರುಗಾಳಿಯಲ್ಲಿ ಕಡಲು ಹೇಗಿತ್ತು ಎಂಬುದೇ ಗೊತ್ತಾಗದೆ ಹೋಗುತ್ತದೆ. ಕ್ಯಾಪ್ಟನ್ನಿಗೆ ಹಡಗೂ ಬೇಕು, ಜನರೂ ಬೇಕು.

ಅಪಾಯ ಎಲ್ಲಿದೆ? ಹಡಗು ಅಲೆಯ ಮೇಲೇರಿದಾಗ ಕೇಬಲ್ ಬಿಗಿಯುತ್ತದೆ, ಇಳಿದಾಗ ಸಡಿಲವಾಗುತ್ತದೆ. ಸಡಿಲವಾದದ್ದು ಮತ್ತೆ ಒಮ್ಮೆಗೇ ಬಿಗಿದುಕೊಂಡರೆ ಅದರ ಮೇಲೆ ಬೀಳುವ ಭಾರ ಉಪಕರಣದ ತೂಕಕ್ಕಿಂತ ಎಷ್ಟೋ ಹೆಚ್ಚು. ಕೇಬಲ್ ತುಂಡಾದರೆ ಲಕ್ಷಾಂತರ ರೂಪಾಯಿಯ ಉಪಕರಣ ಕಡಲ ತಳಕ್ಕೆ. ತುಂಡಾದ ತುದಿ ಚಾಟಿಯಂತೆ ಡೆಕ್ಕಿನ ಮೇಲೆ ಬೀಸಿದರೆ ಮನುಷ್ಯ ಉಳಿಯುವುದು ಕಷ್ಟ. ಹೆಚ್ಚು ಎಚ್ಚರ ಬೇಕಾದ ಘಳಿಗೆಗಳು ಎರಡು: ಉಪಕರಣ ನೀರಿಗೆ ತಾಗುವಾಗ ಮತ್ತು ನೀರಿನಿಂದ ಮೇಲೇಳುವಾಗ. ಗಾಳಿಯಲ್ಲಿ ತೂಗಾಡುವ ನೂರಾರು ಕಿಲೋ ಕಬ್ಬಿಣವನ್ನು ನಾಲ್ಕಾರು ಜನ ಹಗ್ಗ ಹಿಡಿದು ಹತೋಟಿಯಲ್ಲಿಡಬೇಕು.

ಅದಕ್ಕಾಗಿ ಹಡಗನ್ನು ನಿಲ್ಲಿಸುವ ರೀತಿಯೇ ಬೇರೆ. ಉಪಕರಣ ಇಳಿಸುವ ಪಕ್ಕಕ್ಕೆ ಗಾಳಿ ತಾಗುವಂತೆ ಹಡಗನ್ನು ಹಿಡಿಯುತ್ತಾರೆ. ಆಗ ಹಡಗು ಕೇಬಲ್ಲಿನಿಂದ ದೂರ ಸರಿಯುತ್ತದೆಯೇ ಹೊರತು ಅದರ ಮೇಲೇರುವುದಿಲ್ಲ. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ, ನಮ್ಮ ಹಡಗುಗಳಲ್ಲಿ 'ಸೆರಾಂಗ್' ಎಂದೂ ಕರೆಯುವ ಅನುಭವಿ, ಅಲೆಗಳನ್ನು ಎಣಿಸುತ್ತಾ ನಿಲ್ಲುತ್ತಾನೆ. ದೊಡ್ಡ ಅಲೆಗಳ ಗುಂಪೊಂದು ದಾಟಿ ಸ್ವಲ್ಪ ಸಮಾಧಾನವಾದಾಗ ಕೈಸನ್ನೆ ಮಾಡುತ್ತಾನೆ. ಆ ಗಾಳಿಯಲ್ಲಿ ಮಾತು ಕೇಳಿಸದು, ಕೈಸನ್ನೆಯೇ ಭಾಷೆ. ಪಿಎಚ್.ಡಿ. ಪಡೆದವರೂ ಆ ಹೊತ್ತಿನಲ್ಲಿ ಅವನ ಕೈಯನ್ನೇ ನೋಡುತ್ತಾರೆ.

ಕೊನೆಯ ಮಾತು ಕ್ಯಾಪ್ಟನ್ನಿನದು. ಅವರು "ಬೇಡ" ಎಂದರೆ ಬೇಡ. ಆಗ ಎಲ್ಲವನ್ನೂ ಕಟ್ಟಿ, ಡೆಕ್ಕನ್ನು ಮುಚ್ಚಿ, ಹಡಗಿನ ಮೂತಿಯನ್ನು ಅಲೆಗಳಿಗೆ ಎದುರಾಗಿ ತಿರುಗಿಸಿ, ನಿಧಾನ ವೇಗದಲ್ಲಿ ನಿಂತು ಕಾಯುವುದು. ಅಲೆ ಪಕ್ಕದಿಂದ ಹೊಡೆದರೆ ಹಡಗು ವಿಪರೀತ ವಾಲುತ್ತದೆ. ಎದುರಿನಿಂದ ಬಂದರೆ ಸೀಳಿಕೊಂಡು ಏರಿಳಿಯುತ್ತದೆ. ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಎರಡು ದಿನ. ಕೆಲಸವಿಲ್ಲದೆ ಕಾಯುವುದು ಕೆಲಸಕ್ಕಿಂತ ಕಷ್ಟ ಎನ್ನುವುದು ಆಗ ತಿಳಿಯುತ್ತದೆ.

ಒಂದು ಕೈ ನಿನಗೆ, ಒಂದು ಕೈ ಹಡಗಿಗೆ

ಇದು ನಾವಿಕರ ಹಳೆಯ ಮಾತು. ಕೆಲಸ ಎಷ್ಟೇ ಇರಲಿ, ಒಂದು ಕೈ ಯಾವಾಗಲೂ ಹಿಡಿಕೆಯ ಮೇಲಿರಲಿ ಎಂದರ್ಥ. ಹೊಸಬರಿಗೆ ಕಲಿಸುವ ಇನ್ನೊಂದು ಪಾಠ ಬಾಗಿಲಿನದು. ಹಡಗಿನ ಭಾರವಾದ ಉಕ್ಕಿನ ಬಾಗಿಲು ವಾಲಿಕೆಯ ಭರಕ್ಕೆ ಬಡಿದರೆ ಬೆರಳು ಉಳಿಯದು. ಚೌಕಟ್ಟಿನ ಮೇಲೆ ಎಂದೂ ಕೈ ಇಡಬಾರದು. ರಾತ್ರಿ ಒಬ್ಬರೇ ಡೆಕ್ಕಿಗೆ ಹೋಗುವಂತಿಲ್ಲ. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ಉಪಕರಣದ ಹತ್ತಿರ ಸುಳಿಯುವಂತಿಲ್ಲ.

ಅಪಾಯದ ಕರೆ ಏಳು ಚಿಕ್ಕ ಗಂಟೆ, ಒಂದು ಉದ್ದದ ಗಂಟೆ. ಅದು ಕೇಳಿದೊಡನೆ ಎಲ್ಲರೂ ಗೊತ್ತುಪಡಿಸಿದ ಜಾಗದಲ್ಲಿ ಸೇರಬೇಕು. ಇದರ ಅಭ್ಯಾಸ ತಪ್ಪದೆ ನಡೆಯುತ್ತದೆ. ಯಾರಾದರೂ ನೀರಿಗೆ ಬಿದ್ದರೆ ನೋಡಿದವರು ಕೂಗಬೇಕು, ತೇಲುಬಳೆ ಎಸೆಯಬೇಕು, ಮತ್ತು ಬಿದ್ದವರ ಕಡೆ ಬೆರಳು ತೋರಿಸುತ್ತಾ ಕಣ್ಣು ಕದಲಿಸದೆ ನಿಲ್ಲಬೇಕು. ನಾಲ್ಕು ಮೀಟರ್ ಅಲೆಗಳ ನಡುವೆ ಒಂದು ತಲೆ ಮರೆಯಾಗಲು ಕ್ಷಣ ಸಾಕು.

ಏಕಿಷ್ಟು ಎಚ್ಚರ? ಬಾಬಲ್ ಪ್ರಯೋಗದಲ್ಲಿ ಹಡಗು ಹತ್ತು ದಿನಗಳಷ್ಟು ಕಾಲ ನಿಂತ ಜಾಗ 8 ಡಿಗ್ರಿ ಉತ್ತರ, 89 ಡಿಗ್ರಿ ಪೂರ್ವ. ಚೆನ್ನೈಯಿಂದ ನೇರ ಲೆಕ್ಕದಲ್ಲಿ ಸುಮಾರು 1,100 ಕಿಲೋಮೀಟರ್. 10 ನಾಟ್ ವೇಗದಲ್ಲಿ ಬಂದರೂ ಚೆನ್ನೈಗೆ ಎರಡೂವರೆ ದಿನ. ಅಲ್ಲಿ ಕಾಲು ಮುರಿದರೂ ಚೆನ್ನೈಯ ಆಸ್ಪತ್ರೆ ಎರಡೂವರೆ ದಿನದ ದೂರ. ಊರಲ್ಲಿ ಹೆತ್ತವರಿಗೆ ಹುಷಾರಿಲ್ಲ ಎಂಬ ಸುದ್ದಿ ಉಪಗ್ರಹ ಫೋನಿನಲ್ಲಿ ಬಂದರೂ ಹೊರಟು ಬರುವಂತಿಲ್ಲ. ಊರು ಬಿಟ್ಟು ದೂರದಲ್ಲಿರುವ ನಮಗೆ ಈ ಸಂಕಟದ ರುಚಿ ಸ್ವಲ್ಪವಾದರೂ ಗೊತ್ತು. ನಮಗೆ ರೈಲಿದೆ, ವಿಮಾನವಿದೆ. ಅವರಿಗೆ ಹಡಗು ತಿರುಗುವ ದಿನವೇ ಗತಿ.

ಇಷ್ಟು ಪಟ್ಟು ತಂದದ್ದೇನು?

ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರೆಗಳ ಸಿಹಿನೀರೂ ಮಳೆನೀರೂ ಸೇರುತ್ತವೆ. ಈ ಹಗುರ ನೀರು ಮೇಲೆ ತೆಳುಪದರವಾಗಿ ನಿಲ್ಲುತ್ತದೆ. ಗಾಳಿ ಎಷ್ಟು ಕಲಕಿದರೂ ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬರುವುದಿಲ್ಲ. ಅದರಿಂದಲೇ ಕೊಲ್ಲಿ ಮಳೆಗಾಲದಲ್ಲೂ ಬೆಚ್ಚಗಿದ್ದು ಮತ್ತೆ ಮತ್ತೆ ಮೋಡಗಳನ್ನು ಹುಟ್ಟಿಸುತ್ತದೆ. ಮೋಡ ಕವಿದು ಮಳೆ ಸುರಿದಾಗ ನೀರು ಕೊಂಚ ತಣಿಯುತ್ತದೆ, ಬಿಡುವು ಸಿಕ್ಕಾಗ ಮತ್ತೆ ಬಿಸಿಯಾಗುತ್ತದೆ ಎಂಬುದನ್ನು ಬಾಬ್‌ಮೆಕ್ಸ್ ಅಳತೆಗಳು ತೋರಿಸಿದವು. ಅರಬ್ಬಿ ಸಮುದ್ರದ ಉಪ್ಪುನೀರು ಶ್ರೀಲಂಕಾವನ್ನು ಬಳಸಿ ಬಂದು ಕೊಲ್ಲಿಯ ಈ ಹಗುರ ನೀರಿನ ಕೆಳಗೆ ನುಸುಳುವುದನ್ನು ಬಾಬಲ್ ತಂಡ ಹಡಗಿನಿಂದಲೂ, ನೀರಿನೊಳಗೆ ತಾನಾಗಿ ತೇಲಿ ಅಳೆಯುವ ಗ್ಲೈಡರ್‌ಗಳಿಂದಲೂ ಹಿಂಬಾಲಿಸಿತು.

ಪ್ರಕೃತಿ ಕೆಲವೊಮ್ಮೆ ಅಣಕಿಸುವುದೂ ಉಂಟು. 2002ರ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಭಾರೀ ಮಳೆಯನ್ನು ಅರಿಯಲೆಂದು 'ಆರ್ಮೆಕ್ಸ್' ಪ್ರಯೋಗ ಹೂಡಲಾಯಿತು. ಅದೇ ಜುಲೈಯಲ್ಲಿ ದೇಶದ ಮಳೆ ವಾಡಿಕೆಯ ಅರ್ಧದಷ್ಟಾಯಿತು! ಮಳೆ ಬಾರದ ದಿನಗಳ ಕಡಲಿನ ಲೆಕ್ಕವೂ ಬೇಕಾದದ್ದೇ. ಆ ವರ್ಷ ಬರಗಾಲದಲ್ಲಿ ಬೆಂದ ರೈತರಿಗೆ "ಜುಲೈ ಕೈಕೊಡುತ್ತದೆ" ಎಂದು ಮುಂಚೆಯೇ ಹೇಳುವ ಶಕ್ತಿ ಯಾರಿಗೂ ಇರಲಿಲ್ಲ. ಬಿತ್ತುವ ಮೊದಲು ಆ ಒಂದು ಮಾತು ಸಿಕ್ಕಿದ್ದರೆ ಎಷ್ಟು ಮನೆಗಳ ಬೀಜ, ಸಾಲ, ನೆಮ್ಮದಿ ಉಳಿಯುತ್ತಿತ್ತು! ಹಡಗಿನವರು ಬಕೆಟ್ಟು ಪಕ್ಕದಲ್ಲಿಟ್ಟುಕೊಂಡು ದುಡಿಯುವುದು ಆ ಮಾತಿಗಾಗಿಯೇ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇವೆ. ಹಡಗು ತಂದ ಅಂಕಿಗಳು ಹೋಗುವ ದಾರಿಯಲ್ಲಿ ನೀವಿರುವ ಊರುಗಳೇ ಇವೆ. ಕಡಲಿನ ತೇಲುಬುರುಡೆಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಚೆನ್ನೈಯಲ್ಲಿದೆ. ಮೀನುಗಾರರಿಗೆ ಅಲೆಯ ಎತ್ತರ ಮುಂಚಿತವಾಗಿ ತಿಳಿಸುವ ಇನ್‌ಕಾಯಿಸ್ ಹೈದರಾಬಾದಿನಲ್ಲಿದೆ. ಮುಂಗಾರಿನ ಗಣಿತ ಮಾದರಿಗಳನ್ನು ರೂಪಿಸುವ ಉಷ್ಣವಲಯ ಹವಾಮಾನ ಸಂಸ್ಥೆ ಪುಣೆಯಲ್ಲಿದೆ. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಗೆ ಮುಂಬೈಯಲ್ಲೊಂದು ಪ್ರಾದೇಶಿಕ ಕೇಂದ್ರವಿದೆ. ಎಲ್ಲಕ್ಕೂ ಕೊನೆಯಲ್ಲಿ "ನಾಳೆ ಮಳೆ" ಎಂದು ದೇಶಕ್ಕೆ ಹೇಳುವ ಹವಾಮಾನ ಇಲಾಖೆಯ ಮುಖ್ಯ ಕಚೇರಿ ದೆಹಲಿಯಲ್ಲಿದೆ.

ಮುಂದಿನ ಸಲ ರೇಡಿಯೋದಲ್ಲಿ "ಕಡಲು ಪ್ರಕ್ಷುಬ್ಧವಾಗಿರುತ್ತದೆ, ಮೀನುಗಾರರು ನೀರಿಗಿಳಿಯಬಾರದು" ಎಂಬ ಎಚ್ಚರಿಕೆ ಕೇಳಿದಾಗ, ಆ ನೀರಿನ ಮೇಲೆ ಎಲ್ಲೋ ಒಂದು ಹಡಗು ಮೂತಿಯನ್ನು ಅಲೆಗೆ ಕೊಟ್ಟು ನಿಂತಿರಬಹುದು ಎಂದು ನೆನೆಸಿಕೊಳ್ಳಿ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಹಡಗಿನಲ್ಲಿ ದುಡಿದವರಿದ್ದರೆ ಅವರ ಅನುಭವವನ್ನು ನಮಗೆ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇವೆ. ಅಲ್ಲಿಯವರೆಗೆ ಮಳೆಯಲ್ಲಿ ನೆನೆಯದೆ ಬೆಚ್ಚಗಿರಿ. ಬಜ್ಜಿ ಕರಿಯುವ ಭಾಗ್ಯವಿದ್ದವರು ಕರಿದು ತಿನ್ನಿ!